ಮೂರೇ ದಿನದಲ್ಲಿ 66 ಇದ್ದದ್ದು 281 ಆಗಿದ್ದು ಹೇಗೆ? ಹಾಸ್ಟೆಲ್ ಸೋಂಕಿನ ಲೆಕ್ಕ ಅರ್ಥ ಮಾಡ್ಕೊಳ್ಳಿ

ಧಾರವಾಡ: 2021ರ ನವೆಂಬರ್ ಕೊನೆಯ ವಾರ ನೆನಪಿದೆಯಾ? ಎರಡನೇ ಅಲೆ ಇಳಿದಿತ್ತು. ಕಾಲೇಜು ತೆರೆದಿದ್ದವು, ವ್ಯಾಪಾರ ಸ್ವಲ್ಪ ಚೇತರಿಸಿಕೊಳ್ತಾ ಇತ್ತು. ಅಷ್ಟರಲ್ಲೇ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಿಂದ ಸುದ್ದಿ ಬಂತು. ನ.25ರಂದು 66 ಮಂದಿಗೆ ಕೊರೊನಾ. ಮರುದಿನ ಒಟ್ಟು 182. ಅದರ ಮರುದಿನ 281. ಕಡೆಗೆ ಎಣಿಕೆ 300 ದಾಟಿತು. ಹಾಸ್ಟೆಲ್ ಸೀಲ್‌ಡೌನ್ ಆದವು, ಸುತ್ತಲಿನ 500 ಮೀಟರ್ ಒಳಗಿನ ಶಾಲಾ-ಕಾಲೇಜುಗಳಿಗೆ ಜಿಲ್ಲಾಡಳಿತ ರಜೆ ಕೊಟ್ಟಿತು.

ಒಂದೇ ರಾತ್ರಿಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಸೋಂಕು ಹತ್ತಿತು ಅಂತ ಊರೆಲ್ಲ ಹೆದರಿತ್ತು. ನಿಜವಾದ ಲೆಕ್ಕ ಬೇರೆ.

ಏರಿದ್ದು ಟೆಸ್ಟ್ ಸಂಖ್ಯೆ

ಮೊದಲ ಕೇಸ್‌ಗಳು ಸಿಕ್ಕ ಮೇಲೆ ಉಳಿದವರನ್ನೂ ಟೆಸ್ಟ್ ಮಾಡುತ್ತಾ ಹೋದರು. ವರದಿ ಬಂದ ಹಾಗೆ ಸಂಖ್ಯೆ ಏರಿತು. ಅವರಲ್ಲಿ ಬಹುತೇಕರಿಗೆ ಸೋಂಕು ಅದಕ್ಕೂ ಮೊದಲೇ ತಗುಲಿತ್ತು. ಲಕ್ಷಣ ಇಲ್ಲದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ, ಅಷ್ಟೇ.

ನ.17ರಂದು ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಕಾರ್ಯಕ್ರಮ ನಡೆದಿತ್ತು. ಆಗ ಹೆಚ್ಚಾಗಿ ಓಡಾಡುತ್ತಿದ್ದ ಡೆಲ್ಟಾ ತಳಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸರಾಸರಿ ನಾಲ್ಕು ದಿನ ಸಾಕು. 17ರಿಂದ 25ಕ್ಕೆ ಎಂಟು ದಿನ. ಅಂದ್ರೆ ಸಭಾಂಗಣದಲ್ಲಿ ಸೋಂಕು ತಗುಲಿದವರು ಹಾಸ್ಟೆಲ್‌ಗೆ ಮರಳಿ, ರೂಮ್‌ಮೇಟ್‌ಗಳಿಗೆ ಕೊಟ್ಟು, ಅವರೂ ಮುಂದೆ ದಾಟಿಸುವಷ್ಟು ಸಮಯ.

ಹಂಗಾಗಿ ಎಲ್ಲ ತಪ್ಪನ್ನೂ ಒಂದು ಕಾರ್ಯಕ್ರಮದ ತಲೆಗೆ ಕಟ್ಟಿದರೆ ಲೆಕ್ಕ ಕೂಡುವುದಿಲ್ಲ. ಕಾರ್ಯಕ್ರಮ ಕೆಲವು ಗಂಟೆ. ಹಾಸ್ಟೆಲ್ ರೂಮು, ಮೆಸ್ಸು, ಓದುವ ಕೋಣೆ ದಿನಪೂರ್ತಿ. ರಾತ್ರಿಯಿಡೀ ಮುಚ್ಚಿದ ಕಿಟಕಿಯ ಹಿಂದೆ ಎರಡು-ಮೂರು ಜನ ಒಂದೇ ಗಾಳಿ ಉಸಿರಾಡ್ತಾರೆ. ಮನೆಯಲ್ಲಿ ನಾಲ್ಕು ಜನಕ್ಕೆ ಹರಡಿ ನಿಲ್ಲುವ ಸೋಂಕು ಅಲ್ಲಿ ನೂರಾರು ಜನರ ತನಕ ಹೋಗುತ್ತೆ.

ಎರಡು ಡೋಸ್ ಆದ್ರೂ ಯಾಕೆ ಬಂತು?

ಸೋಂಕಿತರಲ್ಲಿ ಹೆಚ್ಚಿನವರಿಗೆ ಎರಡೂ ಡೋಸ್ ಆಗಿತ್ತು. 'ಹಂಗಾದ್ರ ಲಸಿಕೆ ಹಾಕಿಸಿ ಏನು ಉಪಯೋಗ ಆತ್ರಿ?' ಅಂತ ಚಹಾ ಅಂಗಡಿಗಳಲ್ಲಿ ಕೇಳಿದವರಿದ್ದರು. ಉತ್ತರ ಆ ಕೇಸ್‌ಗಳಲ್ಲೇ ಇದೆ: ಬಹುತೇಕರಿಗೆ ಲಕ್ಷಣವೇ ಇರಲಿಲ್ಲ ಅಥವಾ ಸೌಮ್ಯವಾಗಿತ್ತು. ಲಸಿಕೆ ಮಾಡಿದ ಮುಖ್ಯ ಕೆಲಸ, ಕಾಯಿಲೆ ಶ್ವಾಸಕೋಶಕ್ಕಿಳಿದು ಗಂಭೀರ ಆಗದಂತೆ ತಡೆದದ್ದು. ಸೋಂಕು ತಗುಲುವುದನ್ನು ಅದು ಪೂರ್ತಿ ತಡೆಯುವುದಿಲ್ಲ. ಅದರಲ್ಲೂ ವಿದ್ಯಾರ್ಥಿಗಳು ಚಿಕ್ಕ ವಯಸ್ಸಿನವರು. ಅದೇ ವೈರಸ್ ಅಂಗಡಿಯ ಗಲ್ಲಾದಲ್ಲಿ ಕೂತ ಶುಗರ್ ಇರುವ ಹಿರಿಯರಿಗೆ ತಗುಲಿದರೆ ಕಥೆ ಬೇರೆಯೇ.

ಅಂಗಡಿಯವರಿಗೇನು ಸಂಬಂಧ?

ಕ್ಯಾಂಪಸ್‌ಗೆ ಕಾಂಪೌಂಡ್ ಇರುತ್ತೆ, ಗಾಳಿಗಿಲ್ಲ. ಜೆರಾಕ್ಸ್ ಅಂಗಡಿ, ಖಾನಾವಳಿ, ಪಿಜಿ, ಚಿಗರಿ ಬಸ್ಸು ಎಲ್ಲ ಕಡೆ ವಿದ್ಯಾರ್ಥಿಗಳು ಬರ್ತಾರೆ. ಕೇಸ್ ಹೆಚ್ಚಾದರೆ ಹಾಸ್ಟೆಲ್ ಬಂದ್, ಹಾಸ್ಟೆಲ್ ಬಂದ್ ಆದರೆ ವ್ಯಾಪಾರವೂ ಬಂದ್.

ಇದಕ್ಕಿಂತ ದೊಡ್ಡ ಅಪಾಯ ಮುಚ್ಚಿಡುವುದು. ಕೆಮ್ಮು ಅಂದ ಕೂಡಲೇ 'ರೂಮ್ ಖಾಲಿ ಮಾಡಪ್ಪಾ' ಅಂದ್ರೆ ಮುಂದಿನ ಸಲ ಯಾವ ಹುಡುಗನೂ ಬಾಯಿ ಬಿಡಲ್ಲ. ಅಟೆಂಡೆನ್ಸ್ ಹೋಗುತ್ತೆ ಅಂತ ಮಾತ್ರೆ ನುಂಗಿ ಕ್ಲಾಸಿಗೆ ಕೂರ್ತಾನೆ. ಇಲ್ಲಾ ಜ್ವರದಲ್ಲೇ ಬಸ್ ಹತ್ತಿ, ಅಜ್ಜ-ಅಜ್ಜಿ ಇರುವ ಮನೆಗೆ ಹೋಗ್ತಾನೆ.

ಏನು ಮಾಡಬೇಕು?

* ಪಿಜಿ, ಹಾಸ್ಟೆಲ್ ನಡೆಸುವವರು ಒಂದು ರೂಮು ಖಾಲಿ ಇಟ್ಟುಕೊಳ್ಳಿ. ಜ್ವರ ಬಂದವರಿಗೆ ಊಟ ಅಲ್ಲಿಗೇ ಕಳಿಸಿ. ಊರಿಗೆ ಓಡಿಸಬೇಡಿ.
* ಅಂಗಡಿ, ಖಾನಾವಳಿಯವರು ಹಿಂದಿನ ಕಿಟಕಿ, ಬಾಗಿಲು ತೆರೆದಿಡಿ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಹಾಕಿ. ಟೇಬಲ್ ಒರೆಸುವುದು ಒಳ್ಳೆಯದೇ, ಆದರೆ ಈ ಸೋಂಕು ಹೆಚ್ಚಾಗಿ ಹರಡುವುದು ಗಾಳಿಯಿಂದ.
* ನೆಗಡಿ, ಕೆಮ್ಮು ಇದ್ದವರು ಮಾಸ್ಕ್ ಹಾಕಿ. ಚಿಗರಿಯಂಥ ಎಸಿ ಬಸ್ಸಿನಲ್ಲಂತೂ ಮರೀಬೇಡಿ.
* ಒಂದೇ ಹಾಸ್ಟೆಲ್‌ನಲ್ಲಿ ಮೂರ್ನಾಲ್ಕು ಜನಕ್ಕೆ ಒಟ್ಟಿಗೆ ಜ್ವರ ಬಂದ್ರೆ ಆಶಾ ಕಾರ್ಯಕರ್ತೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅವತ್ತೇ ತಿಳಿಸಿ.

ಫ್ಲೂ, ಎಚ್1ಎನ್1ಗೂ ಇದೇ ಲೆಕ್ಕ, ಅವೂ ಉಸಿರಿನಿಂದಲೇ ದಾಟುತ್ತವೆ. ಡೆಂಗಿ ಮಾತ್ರ ಬೇರೆ. ಅದಕ್ಕೆ ಮಾಸ್ಕ್ ಅಲ್ಲ, ಹಾಸ್ಟೆಲ್ ತಾರಸಿಯಲ್ಲಿ ನಿಂತ ನೀರು ಚೆಲ್ಲುವುದೇ ಮದ್ದು.