ಭಂಗಾರ್ ಗಾಡಿಯ ಬಂಗಾರ

ಮುಂಬೈಗೆ ಹೊಸದಾಗಿ ಬಂದ ಕನ್ನಡಿಗರನ್ನು ಬೇಸ್ತು ಬೀಳಿಸುವ ಮಾತೊಂದಿದೆ. ಬೆಳಿಗ್ಗೆ ಕೈಗಾಡಿಯವನು 'ಭಂಗಾರ್‌ವಾಲಾ' ಎಂದು ಕೂಗಿಕೊಂಡು ಬಂದರೆ, ಇವನೇನು ಬಂಗಾರ ಮಾರುತ್ತಾನೋ ಕೊಳ್ಳುತ್ತಾನೋ ಎಂದು ಕಿಟಕಿಗೆ ಓಡುತ್ತೇವೆ. ಭಂಗಾರ್ ಅಂದರೆ ಅಲ್ಲಿ ಗುಜರಿ. ಒಂದು ಮಹಾಪ್ರಾಣದಷ್ಟೇ ಅಂತರ. ಡೊಂಬಿವ್ಲಿಯಲ್ಲಿ ನಮ್ಮ ದೊಡ್ಡಮ್ಮನ ಹೊಲಿಗೆ ಯಂತ್ರವೂ ಹೀಗೇ ಒಂದು ದಿನ ಆ ಗಾಡಿ ಹತ್ತಲಿತ್ತು. ಬೀಡು ಕಬ್ಬಿಣ, ಕಿಲೋ ಲೆಕ್ಕ ಎಂದು ಅವನು ತಕ್ಕಡಿಗೆ ಕೈಹಾಕಿದ್ದೇ ತಡ, ದೊಡ್ಡಮ್ಮ ನಮ್ಮ ಕಡೆ ತಿರುಗಿ "ಮೂರು ಮಕ್ಕಳ ಯೂನಿಫಾರ್ಮು ಇದರಲ್ಲೇ ಹೊಲಿದದ್ದು ಮಾರಾಯ, ಇದನ್ನು ತೂಗುವುದಾ? ಒಳಗೆ ಇಡಿ" ಎಂದರು. ಇಟ್ಟೆವು.

ಒಳಗಿಡುವಾಗ ಬುಡದ ನಂಬರು ಕಣ್ಣಿಗೆ ಬಿತ್ತು. 'ವೈ' ಅಕ್ಷರದಿಂದ ಶುರುವಾಗುವ ಸಂಖ್ಯೆ. ಅಂದರೆ 1920ರ ದಶಕದಲ್ಲೋ 30ರ ದಶಕದ ಮೊದಲ ಭಾಗದಲ್ಲೋ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ತಯಾರಾದ ಸಿಂಗರ್. 1885ರಲ್ಲಿ ಕೆಲಸ ಶುರುಮಾಡಿದ ಆ ಕಾರ್ಖಾನೆ 1913ರ ಒಂದೇ ವರ್ಷದಲ್ಲಿ 13 ಲಕ್ಷಕ್ಕೂ ಹೆಚ್ಚು ಯಂತ್ರ ಹೊರಗೆ ಕಳಿಸಿತ್ತು; 1980ರಲ್ಲಿ ಬಾಗಿಲು ಹಾಕಿತು. ಅಲ್ಲಿನ ಮಾಲನ್ನು ನಮ್ಮ ದೇಶದ ಉದ್ದಗಲಕ್ಕೆ ಹಂಚುವ ವ್ಯಾಪಾರದ ಹಿಂದೆ ಇದ್ದವರು ಬಾಂಬೆಯ ಪಾರ್ಸಿ ನಸರ್ವಾಂಜಿ ಮೆರ್ವಾಂಜಿ ಪಟೇಲ್, 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸಿಂಗರ್ ಕಂಪನಿಯ ಏಜೆಂಟ್. ಕಂತಿನ ಮೇಲೆ ಕೊಡುತ್ತಿದ್ದುದರಿಂದ ಬಡ ದರ್ಜಿಯ ಜಗಲಿಗೂ ಅದು ಬಂತು. ಯಂತ್ರಗಳ ಬಗ್ಗೆ ಅಷ್ಟೊಂದು ತಕರಾರಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು.

ಈಗ ಇಂಥ ಹಳೆಯ ಯಂತ್ರಗಳನ್ನು ಹುಡುಕಿಕೊಂಡು ಹೋಗುವವರು ಹೆಚ್ಚುತ್ತಿದ್ದಾರೆ. ಕೆಲವರಿಗೆ ಹಾಲ್‌ನ ಮೂಲೆಗೊಂದು ಚಂದದ ವಸ್ತು ಬೇಕು. ಅವರ ಬಗ್ಗೆ ನನಗೇನೂ ಹೇಳಲಿಕ್ಕಿಲ್ಲ. ನನ್ನ ಮಾತು ಅದರಲ್ಲಿ ಹೊಲಿಯಬೇಕು ಎನ್ನುವವರಿಗೆ. ಅವರು ಮೊದಲು ನೋಡಬೇಕಾದ್ದು ಕಪ್ಪು ಮೈಯ ಮೇಲಿನ ಚಿನ್ನದ ಬಳ್ಳಿಯನ್ನಲ್ಲ, ಸೂಜಿಯನ್ನು.

ಕೈಹೊಲಿಗೆಯಲ್ಲಿ ಸೂಜಿ ಬಟ್ಟೆಯನ್ನು ಇಡಿಯಾಗಿ ದಾಟಿ ಆಚೆ ಹೋಗುತ್ತದೆ. ಯಂತ್ರದ ಸೂಜಿಗೆ ಅದು ಆಗದ ಮಾತು. ಅದರ ಬುಡ ಮೇಲೆ ಸರಳಿಗೆ ಬಿಗಿದಿದೆ. ಇಳಿದ ದಾರಿಯಲ್ಲೇ ಹತ್ತಬೇಕು. ಹತ್ತುವಾಗ ದಾರವನ್ನೂ ವಾಪಸ್ ಎಳೆದುಕೊಂಡು ಬಂದರೆ ಹೊಲಿಗೆ ಎಲ್ಲಿಂದ ಬರಬೇಕು? 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲಿ ಇದಕ್ಕೆ ಉತ್ತರವಿತ್ತು: ಸೂಜಿಯ ಕಣ್ಣು ಬುಡದಲ್ಲಲ್ಲ, ಮೊನೆಯ ಹತ್ತಿರ, ಬಟ್ಟೆಯ ಕೆಳಗೆ ಇನ್ನೊಂದು ದಾರ ಹೊತ್ತ ಶಟಲ್.

ಮನೆಯಲ್ಲಿ ಯಂತ್ರದ ಸೂಜಿ ಇದ್ದರೆ ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ಒಂದು ಮಗ್ಗುಲಲ್ಲಿ ಉದ್ದಕ್ಕೆ ಕಣ್ಣಿನವರೆಗೆ ಸಣ್ಣ ಕಾಲುವೆ ಕೊರೆದಿರುತ್ತದೆ. ಇನ್ನೊಂದು ಮಗ್ಗುಲಲ್ಲಿ ಅಂಥ ಉದ್ದ ಕಾಲುವೆ ಇಲ್ಲ. ಇಳಿಯುವಾಗ ದಾರ ಕಾಲುವೆಯಲ್ಲಿ ಅಡಗಿ ಸಲೀಸಾಗಿ ಜಾರುತ್ತದೆ. ಸೂಜಿ ತಳ ಮುಟ್ಟಿ ಎರಡು, ಎರಡೂವರೆ ಮಿಲಿಮೀಟರ್ ಮೇಲೆದ್ದ ಗಳಿಗೆಯಲ್ಲಿ, ಕಾಲುವೆ ಇಲ್ಲದ ಮಗ್ಗುಲಿನ ದಾರ ಬಟ್ಟೆಗೂ ಉಕ್ಕಿಗೂ ನಡುವೆ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಮೇಲೆ ಹೋಗಲಾರದ ದಾರ ಪಕ್ಕಕ್ಕೆ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಶಟಲ್‌ನ ಕೊಕ್ಕೆಮೊನೆ ಸೂಜಿಗೆ ತಾಗಿಯೂ ತಾಗದ ಹಾಗೆ ಬಂದು ಕುಣಿಕೆಯೊಳಕ್ಕೆ ನುಗ್ಗಿ, ಅದನ್ನು ಹಿಗ್ಗಿಸಿ, ಕೆಳದಾರದ ಬಾಬಿನ್ನನ್ನೇ ಬಳಸಿಕೊಂಡು ಹೋಗುವಂತೆ ಮಾಡುತ್ತದೆ. ಆಮೇಲೆ ಮೇಲಿನ ಸನ್ನೆ ಸೆಳೆಯುತ್ತದೆ. ಎರಡು ದಾರಗಳು ಬಟ್ಟೆಯ ದಪ್ಪದ ನಡುವೆ ಕೊಂಡಿ ಹಾಕಿಕೊಂಡು ಕೂರುತ್ತವೆ. ಟರ್ ಎಂದು ಒಂದು ಗೇಣು ಹೊಲಿಯುವಷ್ಟರಲ್ಲಿ ಇದು ನೂರು ಸಲ ಆಗಿರುತ್ತದೆ.

ಇಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಕೊಕ್ಕೆಗೆ ಕುಣಿಕೆ ಸಿಗದು. ಅಂದಮೇಲೆ ಸೂಜಿಯ ಉದ್ದ, ಅದರ ಬುಡದ ದಪ್ಪ ಯಂತ್ರದ ಜಾತಕವಿದ್ದ ಹಾಗೆ. ಇದು ನನಗೆ ಗೊತ್ತಾದದ್ದು ದುಡ್ಡು ಕಳೆದುಕೊಂಡ ಮೇಲೆ. ಭೇಂಡಿ ಬಜಾರ್ ಪಕ್ಕದ ಚೋರ್ ಬಜಾರ್, ಅಲ್ಲಿನ ಮಟನ್ ಸ್ಟ್ರೀಟಿನ ಸಾಲು ಅಂಗಡಿಗಳು. ಗ್ರಾಮಫೋನು, ಹಿತ್ತಾಳೆ ದೀಪ, ಹಳೆಯ ಸಿನಿಮಾ ಪೋಸ್ಟರುಗಳ ನಡುವೆ ಒಂದು ಸಿಂಗರ್. ಬುಡ ಪಿಟೀಲಿನ ಆಕಾರದ್ದು. 1865ರಲ್ಲಿ ಶುರುವಾದ 'ನ್ಯೂ ಫ್ಯಾಮಿಲಿ' ಮಾದರಿ. ಮೋಹಕ್ಕೆ ಬಿದ್ದು ಕೊಂಡೆ. ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿನಿಂದ ಸ್ಲೋ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ, ಮೀನುಬುಟ್ಟಿಗಳ ಪಕ್ಕ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಮಾರನೆಯ ದಿನ ಸೂಜಿ ಕೇಳಿದರೆ ಅಂಗಡಿಯವರೆಲ್ಲ ನಕ್ಕರು. ಅದಕ್ಕೆ ಬೇಕಾದ ಸೂಜಿಯ ಅಳತೆಯೇ ಬೇರೆ, ನಮ್ಮ ಓಣಿಗಳಲ್ಲಿ ಸಿಗುವುದಲ್ಲ. ಈಗ ಅದರ ಮೇಲೆ ಮನಿಪ್ಲಾಂಟ್ ಹಬ್ಬಿದೆ.

ದೊಡ್ಡಮ್ಮನ ಯಂತ್ರಕ್ಕೆ ಈ ತೊಂದರೆ ಇಲ್ಲ. ಅದು ಸಿಂಗರ್‌ನ 15ನೇ ವರ್ಗದ್ದು. ಕೊಕ್ಕೆ ಪೂರ್ತಿ ಸುತ್ತದೆ, ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ. ಪೇಟೆಂಟಿನ ಕಾಲ ಮುಗಿದ ಮೇಲೆ ಈ ವಿನ್ಯಾಸವನ್ನು ಜಪಾನಿನವರು ನಕಲು ಮಾಡಿದರು, ನಮ್ಮವರೂ ಮಾಡಿದರು. ಕಲ್ಕತ್ತೆಯ ಜೇ ಇಂಜಿನಿಯರಿಂಗ್ ವರ್ಕ್ಸ್‌ನ ಉಷಾ, ಲುಧಿಯಾನಾದ ರೀಟಾ, ಇವೆಲ್ಲದರ ಕಪ್ಪು ನೇರಹೊಲಿಗೆಯ ಯಂತ್ರಗಳು ಒಂದೇ ಮನೆತನದವು. ಹಾಗಾಗಿ ಧಾರಾವಿಯಾಗಲಿ, ದಾದರ್ ಆಗಲಿ, ಹೊಲಿಗೆ ಸಾಮಾನಿನ ಅಂಗಡಿಗೆ ಹೋಗಿ ಫಿರ್ಕಿ ಕೊಡಿ, ಡಿಬ್ಬಿ ಕೊಡಿ ಎಂದರೆ ಸಾಕು, ಕೈಗೆ ಬರುತ್ತದೆ. ಮುಂಬೈಯ ಹಿಂದಿಯಲ್ಲಿ ಬಾಬಿನ್‌ಗೆ ಫಿರ್ಕಿ, ಬಾಬಿನ್ ಕೇಸಿಗೆ ಡಿಬ್ಬಿ. ಸಿಂಗರ್ 201 ಎಂಬ ಗೇರಿನ ಯಂತ್ರ ಇದಕ್ಕಿಂತ ನುಣುಪಾಗಿ ಓಡುತ್ತದೆ ಎಂದು ಬಲ್ಲವರು ಕೊಂಡಾಡುತ್ತಾರೆ, ನಿಜವೂ ಹೌದು. ಆದರೆ ಅದರ ಬಿಡಿಭಾಗಕ್ಕೆ ಅಲೆಯಬೇಕು. ಮನೆಬಳಕೆಗೆ ನನ್ನ ಓಟು 15ನೇ ವರ್ಗಕ್ಕೇ.

ತೂಕದ ವಿಷಯ. ಸೂಜಿಯ ಸರಳು ಮೇಲೆ ಕೆಳಗೆ ಬಡಿದಂತೆಲ್ಲ ಯಂತ್ರ ನಡುಗಬೇಕು. ಹಳೆಯದು ನಡುಗುವುದು ಕಡಿಮೆ. ಭಾರ ಒಂದು ಕಾರಣ. ಇನ್ನೊಂದು, ಬೀಡು ಕಬ್ಬಿಣದೊಳಗೆ ಶೇಕಡಾ ಎರಡರಿಂದ ನಾಲ್ಕರಷ್ಟು ಇಂಗಾಲವಿದ್ದು, ಬಹುಪಾಲು ಗ್ರಾಫೈಟಿನ ತೆಳು ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಈ ಹಾಳೆಗಳು ಕಂಪನವನ್ನು ನುಂಗುತ್ತವೆ. ಉಕ್ಕಿನ ಸರಳು ಬಡಿದರೆ ಠಣ್ ಎನ್ನುತ್ತದೆ, ಬೀಡಿನದು ದಬ್ ಎಂದು ಸುಮ್ಮನಾಗುತ್ತದೆ. ಅದೇ ಹಾಳೆಗಳೇ ಬೀಡಿನ ದೌರ್ಬಲ್ಯ ಕೂಡ: ಕೈಜಾರಿ ಬಿದ್ದರೆ ಬಗ್ಗುವುದಿಲ್ಲ, ಮುರಿಯುತ್ತದೆ. ಬುಡದಲ್ಲಿ, ತೋಳು ಕೂಡುವ ಕಡೆ ಬಿರುಕು ಕಂಡರೆ ವ್ಯಾಪಾರ ಬಿಟ್ಟುಬಿಡಿ.

ಮುಂಬೈಯಲ್ಲಿ ಯಂತ್ರಕ್ಕೆ ನಿಜವಾದ ಶತ್ರು ಸಮುದ್ರದ ಗಾಳಿ. ಗಾಳಿ ಹೊತ್ತು ತರುವ ಉಪ್ಪಿನ ಕಣ ಲೋಹದ ಮೇಲೆ ಕೂರುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರೆಳೆದು ಕರಗುತ್ತದೆ, ಮಳೆಗಾಲದ ಮುಂಬೈಗೆ ಅದೇನು ದೊಡ್ಡ ಮಾತಲ್ಲ. ಆ ಉಪ್ಪುನೀರಿನ ಪದರದಡಿ ತುಕ್ಕು ಬೇಗ ತಿನ್ನುತ್ತದೆ. ಆದ್ದರಿಂದ ಯಂತ್ರವನ್ನು ಹಿಂದಕ್ಕೆ ಮಲಗಿಸಿ ಹೊಟ್ಟೆ ನೋಡಿ. ಮುಖಕ್ಕೆ ಹೊಸ ಬಣ್ಣ ಬಳಿದು ಮಾರುವವರಿದ್ದಾರೆ. ತಿರುಪಿನ ಗೀರಿನೊಳಗೂ ಬಣ್ಣ ಹೊಕ್ಕಿದ್ದರೆ ಅದು ಮೊನ್ನೆಯ ಮೇಕಪ್ಪು.

ಚಕ್ರ ತಿರುಗದೆ ಬಿಗಿದುಕೊಂಡಿದ್ದರೆ ಮಾತ್ರ ಹೆದರಬೇಡಿ. ಬಹಳ ಸಲ ಅದು ತುಕ್ಕಲ್ಲ, ಹಳೆಯ ಎಣ್ಣೆ. ಅಡುಗೆಮನೆಯ ಎಣ್ಣೆ ಬಿಡುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿತ್ತು. ಶೇಂಗಾ, ಸಾಸಿವೆ ಎಣ್ಣೆಗಳ ಅಣುಗಳಲ್ಲಿರುವ ಜೋಡಿ ಬಂಧಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಒಂದಕ್ಕೊಂದು ಹೆಣೆದುಕೊಂಡು ಅಂಟಾಗುತ್ತವೆ, ಕಡಾಯಿಯ ಹೊರಮೈಯ ಕಂದು ಜಿಗುಟಿನ ಹಾಗೆ. ತೆಂಗಿನೆಣ್ಣೆಯಲ್ಲಿ ಅಂಥ ಬಂಧ ಕಡಿಮೆ, ಆದರೆ 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಯಂತ್ರದ ಎಣ್ಣೆ ಖನಿಜ ತೈಲ, ಈ ಕಾಟವಿಲ್ಲ. ಬಿಗಿದ ಕೀಲುಗಳಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು, ಒಲೆಯಿಂದ ದೂರವಿಟ್ಟು, ಒಂದು ರಾತ್ರಿ ಕಾದು, ಬೆಳಿಗ್ಗೆ ಚಕ್ರವನ್ನು ಮೆಲ್ಲಗೆ ಆಡಿಸಿ. ಬಿಟ್ಟುಕೊಂಡ ಮೇಲೆ ಒರೆಸಿ ಯಂತ್ರದ ಎಣ್ಣೆ ಹಾಕಿ. ಚಿನ್ನದ ಬಳ್ಳಿಯ ಮೇಲೆ ಮಾತ್ರ ಸ್ಪಿರಿಟ್ ತಾಗಿಸಬೇಡಿ, ಅದನ್ನು ಕಾಯುವ ಅರಗಿನ ಪದರ ಸ್ಪಿರಿಟ್‌ನಲ್ಲಿ ಕರಗುತ್ತದೆ.

ಹಳೆಯ ಸಿಂಗರ್‌ನ ಸೂಜಿಯಲ್ಲಿ 'ಕೆಂಪು ಪಾದರಸ' ಇದೆ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂದು ಯಾರಾದರೂ ಕಿವಿಯಲ್ಲಿ ಉಸುರಿದರೆ ನಕ್ಕುಬಿಡಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಗಾಳಿಮಾತಿಗೆ ಹಳೆಯ ಯಂತ್ರಗಳ ಬೆಲೆ ಗಗನಕ್ಕೇರಿತ್ತು. ಸೂಜಿಯಲ್ಲಿರುವುದು ಉಕ್ಕು.

ಅಂಗಡಿಗೆ ಹೋಗುವಾಗ ಎರಡು ತುಂಡು ಬಟ್ಟೆ ಇರಲಿ, ಒಂದು ತೆಳು ಮಲ್, ಒಂದು ಹಳೆಯ ಜೀನ್ಸ್. ಸೂಜಿ ಇಳಿಯುವ ತೂತಿನ ಸುತ್ತ ಗೀರುಗಳಿದ್ದರೆ ಸೂಜಿ ಬಡಿದು ಬಡಿದು ಆದದ್ದು. ಅಲ್ಲಿ ದಾರ ಹರಿಯುತ್ತಿರುತ್ತದೆ. ಸೂಜಿಯ ಸರಳನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಗಡಗಡ ಎಂದರೆ ಸವೆದಿದೆ. ದಾರ ಪೋಣಿಸಿ ಎಳೆಯಿರಿ: ಬಟ್ಟೆ ಒತ್ತುವ ಪಾದ ಎತ್ತಿದಾಗ ಸಲೀಸಾಗಿ, ಇಳಿಸಿದಾಗ ತಡೆದು ಬರಬೇಕು. ಎರಡೂ ಒಂದೇ ಆದರೆ ಟೆನ್ಷನ್ ಬಿಲ್ಲೆಗಳ ನಡುವೆ ಕಸವಿದೆ ಅಥವಾ ಸ್ಪ್ರಿಂಗು ಸತ್ತಿದೆ, ಅದನ್ನು ತೋರಿಸಿ ಬೆಲೆ ಇಳಿಸಬಹುದು. ಹಳೆಯ ಮೋಟಾರ್ ಇದ್ದರೆ ತಂತಿಯ ರಬ್ಬರು ಪುಡಿಯಾಗುತ್ತಿದೆಯೇ ನೋಡದೆ ಪ್ಲಗ್ ಚುಚ್ಚಬೇಡಿ. ಕರೆಂಟ್ ಹೋದರೂ ನಿಲ್ಲದ ಕಾಲುಪೆಡಲೇ ಮೇಲು.

ಇನ್ನೊಂದು, ಜೇಬಿನಲ್ಲಿ 16ನೇ ನಂಬರಿನ ಮಾಮೂಲು ಸೂಜಿಯೊಂದನ್ನು ಇಟ್ಟುಕೊಂಡು ಹೋಗಿ. ಅದನ್ನು ಹಾಕಿ ಅಲ್ಲೇ ನಾಲ್ಕು ಹೊಲಿಗೆ ಹಾಕಿಸಿ. ಬೀಳದಿದ್ದರೆ, ಯಂತ್ರ ಎಷ್ಟೇ ಚಂದವಿರಲಿ, ಕೊಳ್ಳಬೇಡಿ. ಮನಿಪ್ಲಾಂಟಿಗೆ ಅಗ್ಗದ ಕುಂಡ ಸಿಗುತ್ತದೆ.