ನಾಲ್ಕು ತಂತಿ, ಒಂದು ನೂಲು: ತಂಬೂರಿಯಿಂದ ವೀಣೆಗೆ

ತಂಬೂರಿ ರಾಗ ನುಡಿಸುವ ವಾದ್ಯವಲ್ಲ. ಅದಕ್ಕೆ ಮೆಟ್ಟಿಲುಗಳಿಲ್ಲ, ಸ್ವರ ಹಿಡಿಯಲು ಎಡಗೈ ಬೇಕಿಲ್ಲ. ಬಿಗಿದ ನಾಲ್ಕು ತಂತಿಗಳನ್ನು ಒಂದಾದ ಮೇಲೊಂದರಂತೆ ಮೆತ್ತಗೆ ಮೀಟುತ್ತ ಹೋದರೆ ಸಾಕು. ಹಾಗಿದ್ದೂ ಹಾಡುವವರು, ಪಿಟೀಲಿನವರು, ಕೊಳಲಿನವರು ಎಲ್ಲರೂ ತಮ್ಮ ಸ್ವರವನ್ನು ಅಳೆದು ನೋಡಿಕೊಳ್ಳುವುದು ಇದರ ನಾದದ ಎದುರಿನಲ್ಲೇ. ಸಂಗೀತದ ಮನೆಗಳಲ್ಲಿ ಮಗುವಿನ ಕೈಗೆ ಮೊದಲು ಸಿಗುವ ವಾದ್ಯವೂ ಬಹುಮಟ್ಟಿಗೆ ಇದೇ.

ಅಂಥ ಮನೆಗಳಿಂದಲೇ ಹೆಸರಾದ ಊರು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಂಡೆಯ ಈ ಪುಟ್ಟ ಊರಿನಲ್ಲಿ ನೆಲೆಸಿದ ಸಂಕೇತಿ ಕುಟುಂಬಗಳು ತಲೆಮಾರುಗಳಿಂದ ವೇದ ಮತ್ತು ಸಂಗೀತ ಎರಡನ್ನೂ ಉಳಿಸಿಕೊಂಡು ಬಂದಿವೆ. 1920ರಲ್ಲಿ ಇಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, ಅವರ ಅಣ್ಣ ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮಶಾಸ್ತ್ರಿ, ಜೋಡಿ ಹಾಡುಗಾರಿಕೆಗೆ ಹೆಸರಾದ ರುದ್ರಪಟ್ಟಣಂ ಸಹೋದರರು ಎಲ್ಲರೂ ಈ ಊರಿನ ಹೆಸರನ್ನು ಕಚೇರಿ ವೇದಿಕೆಗೆ ಒಯ್ದವರು. ಇದೇ ಊರಿನ ವಿದ್ವಾಂಸ ಆರ್.ಕೆ. ಪದ್ಮನಾಭ ಅವರ ಮುಂದಾಳತ್ವದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನ ಮಂದಿರಕ್ಕೆ ತಂಬೂರಿಯದೇ ಆಕಾರ. ಕಚೇರಿಯಲ್ಲಿ ಸದಾ ಹಿಂದೆ ಕೂರುವ ವಾದ್ಯಕ್ಕೆ ಇಂಥ ಗೌರವ ಸಂದಿರುವುದು ನ್ಯಾಯವಾಗಿಯೇ ಇದೆ.

ದಕ್ಷಿಣದ ತಂಬೂರಿಯ ಬುರುಡೆಯನ್ನು ಸಾಮಾನ್ಯವಾಗಿ ಹಲಸಿನ ಮರದಲ್ಲಿ ಕೊರೆಯುತ್ತಾರೆ. ಅದರ ಬಾಯಿಗೆ ತೆಳುವಾದ ಮೇಲುಹಲಗೆ, ಹಲಗೆಯ ನಡುವೆ ತಂತಿಗಳನ್ನು ಹೊರುವ ಕುದುರೆ, ಉದ್ದನೆಯ ಪೊಳ್ಳು ದಂಡಿಯ ತುದಿಯಲ್ಲಿ ನಾಲ್ಕು ಬಿರಡೆಗಳು. ಮೊದಲ ತಂತಿ ಮಂದ್ರ ಪಂಚಮ, ನಡುವಿನ ಎರಡು ಮಧ್ಯ ಷಡ್ಜ, ಕೊನೆಯದು ಮಂದ್ರ ಷಡ್ಜ. ಮೊದಲ ಮೂರು ಉಕ್ಕಿನವು, ಕೊನೆಯದು ಹಿತ್ತಾಳೆಯದು. ನಾಲ್ಕರ ಉದ್ದವೂ ಒಂದೇ ಆದ್ದರಿಂದ ಸ್ವರದ ಅಂತರವೆಲ್ಲ ಬಿಗಿತ ಮತ್ತು ತೂಕದಿಂದಲೇ ಬರಬೇಕು. ತಂತಿಯ ಕಂಪನಸಂಖ್ಯೆ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ, ತೂಕದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಬಿಗಿತವನ್ನು ಬದಲಿಸದೆ ಒಂದು ಸ್ಥಾಯಿ ಕೆಳಗಿಳಿಯಲು ತಂತಿ ನಾಲ್ಕು ಪಟ್ಟು ಭಾರವಾಗಬೇಕು, ಅಂದರೆ ಸುಮಾರು ಎರಡು ಪಟ್ಟು ದಪ್ಪವಾಗಬೇಕು. ಮಂದ್ರದ ತಂತಿ ಕಣ್ಣಿಗೇ ದಪ್ಪ ಕಾಣುವುದು ಇದಕ್ಕಾಗಿ. ಬಿರಡೆ ತಿರುಗಿಸಿ ಶ್ರುತಿ ಹತ್ತಿರ ತಂದ ಮೇಲೆ, ಕುದುರೆಯ ಹಿಂದಿರುವ ಮಣಿಗಳನ್ನು ಕೂದಲೆಳೆಯಷ್ಟು ಸರಿಸಿ ಕೂಡಿಸುತ್ತಾರೆ.

ಇಷ್ಟೇ ಆಗಿದ್ದರೆ ತಂಬೂರಿ ಟಿಣ್ ಎಂದು ಸುಮ್ಮನಾಗುವ ವಾದ್ಯವಾಗುತ್ತಿತ್ತು. ಅದನ್ನು ತಂಬೂರಿ ಮಾಡುವುದು ಒಂದು ತುಂಡು ನೂಲು. ಕುದುರೆಯ ಮೇಲ್ಮೈ ಚೂಪಾಗಿಲ್ಲ. ಅಗಲವಾಗಿ, ಕಂಡೂ ಕಾಣದಷ್ಟು ಬಾಗಿದೆ. ಹತ್ತಿಯ ಅಥವಾ ರೇಷ್ಮೆಯ ನೂಲೊಂದನ್ನು ತಂತಿಗೂ ಕುದುರೆಗೂ ನಡುವೆ ತೂರಿಸುತ್ತಾರೆ. ಇದು ಜೀವಾಳ. ನೂಲನ್ನು ಹಿಂದೆ ಮುಂದೆ ಜರುಗಿಸುತ್ತ ತಂತಿಯನ್ನು ಮೀಟುತ್ತಿದ್ದರೆ ಬಹಳ ಹೊತ್ತು ನಾದ ಮಂಕಾಗಿಯೇ ಇರುತ್ತದೆ. ಸರಿಯಾದ ಜಾಗ ಸಿಕ್ಕ ಕ್ಷಣ ಝೇಂಕಾರ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಅರೆ ಮಿಲಿಮೀಟರ್ ದಾಟಿದರೆ ಮತ್ತೆ ಮಾಯ. ಆ ಜಾಗದಲ್ಲಿ ತಂತಿ ಕಂಪಿಸುವಾಗ ಪ್ರತಿ ಸಲವೂ ಕುದುರೆಯ ಬಾಗಿಗೆ ತಾಗಿ ಬಿಡುತ್ತದೆ. ಪ್ರತಿ ತಾಗಿನಲ್ಲೂ ಮೂಲಸ್ವರದ ಶಕ್ತಿಯ ಒಂದು ಪಾಲು ಮೇಲಿನ ಉಪಸ್ವರಗಳಿಗೆ ಹರಿಯುತ್ತದೆ.

ಇದು ಎಷ್ಟು ಅಸಾಧಾರಣ ಎಂಬುದನ್ನು 1921ರಲ್ಲಿ ಭೌತವಿಜ್ಞಾನಿಗಳ ಗಮನಕ್ಕೆ ತಂದವರು ಸಿ.ವಿ. ರಾಮನ್, ಆಗ ಅವರು ಕಲ್ಕತ್ತೆಯಲ್ಲಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೂ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಥಾಮಸ್ ಯಂಗ್ ಕಾಲದಿಂದ ಬಂದ ನಿಯಮ. ತಂಬೂರಿ ಮತ್ತು ವೀಣೆ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು ರಾಮನ್ ತೋರಿಸಿದರು. ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಜೀವಾಳ ಕೂಡಿದ ತಂತಿಯನ್ನು ನಟ್ಟನಡುವೆ ಮೀಟಿ, ಮರುಕ್ಷಣ ಅದೇ ಜಾಗವನ್ನು ಬೆರಳಿನಿಂದ ಹಗುರವಾಗಿ ಮುಟ್ಟಬೇಕು. ಬೇರೆ ವಾದ್ಯದ ತಂತಿಯಾದರೆ ಸದ್ದು ಬಹುಪಾಲು ಅಡಗುತ್ತದೆ. ತಂಬೂರಿಯಲ್ಲಿ ಒಂದು ಸ್ಥಾಯಿ ಮೇಲಿನ ಸ್ವರ ಸ್ಪಷ್ಟವಾಗಿ ಉಳಿದು ಕೇಳುತ್ತದೆ.

ಈ ಉಪಸ್ವರಗಳಲ್ಲೇ ತಂಬೂರಿಯ ಪಾಠ ಅಡಗಿದೆ. ಮಂದ್ರ ಷಡ್ಜ ಸೆಕೆಂಡಿಗೆ ಸುಮಾರು 65 ಸಲ ಕಂಪಿಸಿದರೆ, ಅದರ ಮೂರು ಪಟ್ಟು ಪಂಚಮ, ಐದು ಪಟ್ಟು ಅಂತರ ಗಾಂಧಾರ. ನಾಲ್ಕು ತಂತಿಗಳಲ್ಲಿ ಯಾವುದನ್ನೂ ಗಾಂಧಾರಕ್ಕೆ ಕೂಡಿಸಿರುವುದಿಲ್ಲ. ಆದರೂ ಶ್ರುತಿ ಕೂಡಿದ ತಂಬೂರಿಯಲ್ಲಿ ಗಾಂಧಾರ ತಾನಾಗಿ ಕೇಳುತ್ತದೆ. ಸ್ವಯಂಭೂ ಗಾಂಧಾರ ಎಂದು ವಿದ್ವಾಂಸರು ಹೇಳುವುದು ಇದನ್ನೇ. ಶ್ರುತಿ ಸೇರಿದೆಯೇ ಇಲ್ಲವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ತಂಬೂರಿಯಲ್ಲಿ ಕಿವಿ ತಿದ್ದಿಕೊಂಡವರು ವೀಣೆಗೆ ಬಂದಾಗ ಆಗುವುದು, ಬಾಸ್ ಗಿಟಾರ್ ನುಡಿಸುವವರು ಗಿಟಾರ್ ಕಲಿಯಲು ಕೂತಾಗಲೂ ಆಗುತ್ತದೆ. ಲಿಯೋ ಫೆಂಡರ್ 1951ರಲ್ಲಿ ಹೊರತಂದ ಬಾಸ್ ಗಿಟಾರಿನ ತಂತಿಯ ಉದ್ದ 34 ಇಂಚು. ಅವರದೇ ಕಂಪನಿಯ ಗಿಟಾರಿನಲ್ಲಿ 25.5 ಇಂಚು. ಬಾಸಿನ ನಾಲ್ಕು ತಂತಿಗಳ ಸ್ವರಗಳೇ ಒಂದು ಸ್ಥಾಯಿ ಮೇಲೆ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಲ್ಲಿವೆ. ಹಾರ್ಮೋನಿಯಂನ ಮೊದಲ ಬಿಳಿ ಮನೆಗೆ ಕೂಡಿಸಿದ ತಂಬೂರಿಯ ಪಂಚಮವೂ ಬಾಸಿನ ಅತಿ ತೆಳು ತಂತಿಯೂ ಒಂದೇ ಸ್ವರ, ಸೆಕೆಂಡಿಗೆ 98 ಕಂಪನ. ಹೀಗಾಗಿ ಬಾಸಿನವರಿಗೆ ಸ್ವರಸ್ಥಾನಗಳು ಮೊದಲೇ ಗೊತ್ತು, ಲಯ ಗೊತ್ತು, ಆಧಾರಸ್ವರವನ್ನು ಹಿಡಿದು ನಿಲ್ಲುವುದು ಗೊತ್ತು. ತೊಡಕು ಬರುವುದು ಬೆರಳಿಗೆ: ತಂತಿಗಳು ಆರಾಗುತ್ತವೆ, ತೆಳುವಾಗುತ್ತವೆ, ಒತ್ತೊತ್ತಾಗುತ್ತವೆ, ಹಲವನ್ನು ಒಟ್ಟಿಗೆ ಒತ್ತಬೇಕಾಗುತ್ತದೆ.

ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು, ಮೇಣದ ಮೇಲೆ ಕೂರಿಸಿದ ಮೆಟ್ಟಿಲು 24. ಇದರ ಕುದುರೆಯೂ ಅಗಲವೇ; ಮೇಲೆ ಬಾಗಿದ ಲೋಹದ ತಗಡಿದೆ, ನೂಲಿಲ್ಲ. ನಾದದ ಗುಟ್ಟು ಎರಡರಲ್ಲೂ ಒಂದೇ ಆದ್ದರಿಂದ ತಂಬೂರಿಯ ಕಿವಿ ಇಲ್ಲಿ ಹಾಗೆಯೇ ಕೆಲಸಕ್ಕೆ ಬರುತ್ತದೆ. ಹೊಸದಾಗಿ ಕಲಿಯಬೇಕಾದ್ದು ಎಡಗೈಯದು. ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಬಿಗಿತ ಏರಿ ಸ್ವರ ಏರುತ್ತದೆ. ಗಮಕವೆಲ್ಲ ಈ ಎಳೆತದಲ್ಲಿದೆ. ಎಷ್ಟು ಎಳೆದರೆ ಯಾವ ಸ್ವರ ಎಂದು ಹೇಳುವ ಗುರುತು ವಾದ್ಯದ ಮೇಲೆ ಎಲ್ಲೂ ಇರುವುದಿಲ್ಲ, ಕಿವಿಯೇ ಹೇಳಬೇಕು. ಶ್ರೀಕಂಠನ್ ಹುಟ್ಟಿದ 1920ರಲ್ಲೇ ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ ವೀಣೆ ದೊರೆಸ್ವಾಮಿ ಅಯ್ಯಂಗಾರ್, ಮೈಸೂರಿನಲ್ಲಿ ವೆಂಕಟಗಿರಿಯಪ್ಪನವರ ಬಳಿ ವರ್ಷಗಟ್ಟಲೆ ಕಲಿತದ್ದು ಈ ವಿದ್ಯೆಯನ್ನೇ.

ಹೊಸ ವಾದ್ಯ ಬಂದಿತೆಂದು ಮೊದಲನೆಯದನ್ನು ಮೂಲೆಗಿಡುವುದು ತಪ್ಪು. ಮರ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಮೂಲೆಯಲ್ಲಿ ನಿಂತ ತಂಬೂರಿಯ ದಂಡಿ ಬಾಗುತ್ತದೆ, ಅಂಟು ಬಿಡುತ್ತದೆ, ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ದಿನವೂ ಮೀಟುವ ವಾದ್ಯದಲ್ಲಿ ಇಂಥ ಕೆಡುಕು ಬೇಗ ಗೊತ್ತಾಗುತ್ತದೆ. ಬಳಕೆಯಿಂದಲೂ ಸವೆತವಿದೆ: ವರ್ಷಗಳು ಕಳೆದಂತೆ ತಂತಿ ಕುದುರೆಯಲ್ಲಿ ಗೆರೆ ಕೊರೆಯುತ್ತದೆ, ಆಗ ಜೀವಾಳ ಎಲ್ಲಿಟ್ಟರೂ ಝೇಂಕಾರ ಏಳದು. ಬಲ್ಲವರಿಂದ ಕುದುರೆಗೆ ಅರ ಹಾಕಿಸಿದರೆ ನಾದ ಮರಳುತ್ತದೆ.

1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ಈಗಿನ ಮೊಬೈಲ್ ಆ್ಯಪ್‌ಗಳು ಪ್ರಯಾಣಕ್ಕೆ, ತುರ್ತಿಗೆ ನಿಜಕ್ಕೂ ಉಪಕಾರಿ. ಆದರೆ ಶ್ರುತಿ ಕೂಡಿಸುವ ಕೆಲಸವನ್ನು ಅವೇ ಮಾಡಿಬಿಡುವುದರಿಂದ ಕಲಿಯುವವರಿಗೆ ಆ ಅಭ್ಯಾಸ ತಪ್ಪುತ್ತದೆ. ಮನೆಯ ಅಟ್ಟದಲ್ಲೋ ಗೋಡೆ ಬದಿಯಲ್ಲೋ ಹಳೆಯ ತಂಬೂರಿ ಇದ್ದವರು ಅದನ್ನು ಇಳಿಸಿ, ತಂತಿ ಬದಲಿಸಿ, ಕುದುರೆ ಸರಿಮಾಡಿಸಿ, ಸಂಗೀತ ಕಲಿಯುತ್ತಿರುವ ಮಗುವಿನ ಕೈಗೆ ಕೊಡಬೇಕು.