ತುಟಿ ಕೂಡುವ ‘ಮ್’

ನಾಸಿಕ್ಕಿನಲ್ಲಿರಲಿ, ಛತ್ರಪತಿ ಸಂಭಾಜಿನಗರದಲ್ಲಿರಲಿ, ಶಿವಜಯಂತಿಯ ಮೆರವಣಿಗೆಯಲ್ಲಿ ತುತಾರಿ ಕೇಳಿಯೇ ಇರುತ್ತೀರಿ. ನಮ್ಮ ಕೊಂಬು, ಕಹಳೆಗಳ ಬಂಧು ಅದು. ಬ್ಯಾಂಡಿನ ಟ್ರಂಪೆಟ್ಟಿನಂತೆ ಅದರಲ್ಲೂ ನಾದ ಹುಟ್ಟುವುದು ತುಟಿಗಳ ಕಂಪನದಿಂದ.

ಕಲಿಯುವ ತಮ್ಮನೋ ತಂಗಿಯೋ ಮೇಲಿನ ಸ್ವರಕ್ಕಾಗಿ ವಾದ್ಯವನ್ನು ತುಟಿಗೆ ಒತ್ತಿ ಹಿಡಿದರೆ ಗದರಬೇಡಿ. ಹಾಗೆ ಒತ್ತಿದರೆ ತುಟಿ ಬೇಗ ದಣಿಯುತ್ತದೆ, ನೋಯುತ್ತದೆ. ಕನ್ನಡಿಯ ಮುಂದೆ ನಿಲ್ಲಿಸಿ ‘ಅಮ್ಮ’ ಎನ್ನಿಸಿ. ಮರಾಠಿಯ ‘ಆಯಿ’ಗೆ ತುಟಿ ಕೂಡುವುದಿಲ್ಲ, ನಮ್ಮ ‘ಮ್’ಗೆ ಹಗುರವಾಗಿ ಕೂಡುತ್ತವೆ. ಅಲ್ಲೇ ನಿಲ್ಲಿಸಿ, ಬಾಯಿಯ ಮೂಲೆಗಳನ್ನು ಬಿಗಿಹಿಡಿದು, ಕೆನ್ನೆ ಉಬ್ಬಿಸದೆ ಊದಲಿ.

ಮೊದಲ ಕೆಲವು ವಾರ ಸ್ವರ ಕೆಡಬಹುದು. ಆಗ ನಗಬೇಡಿ, ಮಕ್ಕಳು ವಾದ್ಯ ಕೆಳಗಿಡುವುದು ಆಗಲೇ. ನಿಮ್ಮ ಹರಕುಮುರುಕು ಕನ್ನಡಕ್ಕೆ ನಕ್ಕವರು ನೆನಪಿದ್ದಾರಲ್ಲವೇ?